ಕಾರಿಗೆ ಎಕ್ಸಾಸ್ಟ್ ಹೆಡರ್ ಅಳವಡಿಕೆ: ತಂತ್ರ, ಕಾನೂನು ಮತ್ತು ಲೆಕ್ಕಾಚಾರ

ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ಎರಡು ಬಗೆಗಳುಂಟು. ಸವೆದ ಭಾಗವನ್ನು ತೆಗೆದು ಅದೇ ಅಳತೆಯ, ಅದೇ ಗುಣದ ಹೊಸ ಭಾಗವನ್ನು ಹಾಕುವುದು ಮೊದಲನೆಯ ಬಗೆ. ಇದು ನಮ್ಮ ವರ್ತಕ ಬಂಧುಗಳಿಗೆ ತಲೆಮಾರಿನಿಂದ ಪರಿಚಿತವಾದ ವ್ಯವಹಾರ. ಸುಸ್ಥಿತಿಯಲ್ಲಿರುವ ಭಾಗವನ್ನೇ ತೆಗೆದು, ಹೆಚ್ಚಿನ ಶಕ್ತಿಗಾಗಿಯೋ ಹೆಚ್ಚಿನ ನಾದಕ್ಕಾಗಿಯೋ ಬೇರೊಂದು ವಿನ್ಯಾಸದ ಭಾಗವನ್ನು ಕೂರಿಸುವುದು ಎರಡನೆಯ ಬಗೆ. ಮೇಲ್ನೋಟಕ್ಕೆ ಎರಡೂ ಒಂದೇ ಕೌಂಟರಿನ ಮೇಲೆ, ಒಂದೇ ಬಿಲ್ ಪುಸ್ತಕದಲ್ಲಿ ನಡೆಯುವ ವ್ಯಾಪಾರಗಳೇ. ಆದರೆ ಕಾನೂನಿನ ದೃಷ್ಟಿಯಲ್ಲಿ ಇವೆರಡರ ನಡುವೆ ಬಹಳ ಅಂತರವಿದೆ. ಸ್ಪೋರ್ಟ್ಸ್ ಕಾರುಗಳಿಗೆ ಅಳವಡಿಸುವ ಎಕ್ಸಾಸ್ಟ್ ಹೆಡರ್ ಈ ಎರಡನೆಯ ಬಗೆಗೆ ಉತ್ತಮ ಉದಾಹರಣೆಯಾದ್ದರಿಂದ, ಅದನ್ನೇ ಆಧಾರವಾಗಿಟ್ಟುಕೊಂಡು ಈ ಲೇಖನದಲ್ಲಿ ವಿಷಯವನ್ನು ವಿವೇಚಿಸಲಾಗಿದೆ.

ಇದು ಬೆಂಗಳೂರು, ಕೊಯಮತ್ತೂರುಗಳಂತಹ ದೊಡ್ಡ ಊರುಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ಭಾವಿಸುವಂತಿಲ್ಲ. ನಮ್ಮ ಕೊಪ್ಪಳ ಜಿಲ್ಲೆಗೆ ಕಬ್ಬಿಣದ ಉದ್ಯಮ ಹೊಸದಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಬೀಡು ಕಬ್ಬಿಣದ ಜೊತೆಗೆ ಎಂಜಿನ್‌ಗಳ ಸಿಲಿಂಡರ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್‌ಗಳ ಎರಕವೂ ನಡೆಯುತ್ತದೆ. ಗಿಣಿಗೇರಿಯ ಸುತ್ತ ಉಕ್ಕಿನ ಕಾರ್ಖಾನೆಗಳಿವೆ. ಗಂಗಾವತಿಯ ಅಕ್ಕಿ ಗಿರಣಿಗಳ ಯಂತ್ರಗಳಿಗೂ, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೂ ಕೆಲಸ ಮಾಡುವ ಲೇತ್ ಹಾಗೂ ವೆಲ್ಡಿಂಗ್ ಅಂಗಡಿಗಳಿಗೆ ಪೈಪು ಬಗ್ಗಿಸುವುದು, ಫ್ಲ್ಯಾಂಜ್ ಕೊರೆಯುವುದು ನಿತ್ಯದ ಕೆಲಸ. ಅಂತಹ ಅಂಗಡಿಗೆ ಗಿರಾಕಿಯೊಬ್ಬನು ಬಂದು, "ಈ ಕಾರಿಗೆ ಇಂಥದೊಂದು ಹೆಡರ್ ಮಾಡಿಕೊಡಿ, ಹಣದ ಚಿಂತೆ ಬೇಡ" ಎಂದರೆ ಒಪ್ಪಿಕೊಳ್ಳುವುದು ಸುಲಭ. ಒಪ್ಪಿಕೊಂಡ ಕ್ಷಣದಿಂದ ಹೆಗಲೇರುವ ಹೊಣೆ ಯಾವುದು ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

1. ಹೆಡರ್ ಎಂದರೇನು?

ಎಂಜಿನ್‌ನ ಸಿಲಿಂಡರ್‌ಗಳಲ್ಲಿ ಉರಿದ ಇಂಧನದ ಅನಿಲವು ಎಕ್ಸಾಸ್ಟ್ ವಾಲ್ವ್ ಮೂಲಕ ಹೊರಬಂದು ಮೊದಲು ಸೇರುವ ಭಾಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂದು ಹೆಸರು. ಕಂಪನಿಯಿಂದ ಬರುವ ಮ್ಯಾನಿಫೋಲ್ಡ್ ಬಹುಮಟ್ಟಿಗೆ ಎರಕದ ಕಬ್ಬಿಣದ್ದು. ಅದು ಅಗ್ಗ, ಗಟ್ಟಿ, ಸದ್ದನ್ನು ತಡೆಯುವಂಥದ್ದು, ಕಡಿಮೆ ಜಾಗದಲ್ಲಿ ಕೂರುವಂಥದ್ದು. ಆದರೆ ನಾಲ್ಕೂ ಸಿಲಿಂಡರ್‌ಗಳ ಅನಿಲವು ಅದರಲ್ಲಿ ಗಿಡ್ಡನೆಯ ಒಂದೇ ಕೋಣೆಗೆ ನುಗ್ಗುವುದರಿಂದ, ಒಂದು ಸಿಲಿಂಡರ್‌ನಿಂದ ಹೊರಟ ಒತ್ತಡವು ಪಕ್ಕದ ಸಿಲಿಂಡರ್‌ನ ಹರಿವಿಗೆ ಅಡ್ಡಿಯಾಗುವುದುಂಟು.

ಹೆಡರ್‌ನಲ್ಲಿ ಪ್ರತಿಯೊಂದು ಸಿಲಿಂಡರ್‌ಗೂ ಪ್ರತ್ಯೇಕವಾದ ನಳಿಗೆಯಿರುತ್ತದೆ. ಈ ನಳಿಗೆಗಳು ಸಾಧ್ಯವಾದಷ್ಟು ಸಮಾನ ಉದ್ದದಲ್ಲಿ ಬಾಗಿ ಬಂದು ಕೊನೆಯಲ್ಲಿ ಕಲೆಕ್ಟರ್ ಎಂಬ ಸಂಗಮದಲ್ಲಿ ಕೂಡುತ್ತವೆ. ನಾಲ್ಕೂ ಒಂದೇ ಕಡೆ ಕೂಡಿದರೆ ಅದು 4-1 ವಿನ್ಯಾಸ. ಮೊದಲು ಎರಡೆರಡಾಗಿ ಕೂಡಿ, ಬಳಿಕ ಎರಡೂ ಒಂದಾದರೆ 4-2-1 ವಿನ್ಯಾಸ. ಎಂಜಿನ್ ಅತಿ ವೇಗದಲ್ಲಿ ತಿರುಗುವಾಗ 4-1 ವಿನ್ಯಾಸವೂ, ಮಧ್ಯಮ ವೇಗದಲ್ಲಿ 4-2-1 ವಿನ್ಯಾಸವೂ ಸಾಮಾನ್ಯವಾಗಿ ಅನುಕೂಲಕರ. ಸಿಲಿಂಡರ್‌ಗಳು 1-3-4-2 ಕ್ರಮದಲ್ಲಿ ಉರಿಯುವ ಎಂಜಿನ್‌ನಲ್ಲಿ 1ನ್ನು 4ರೊಂದಿಗೆ, 2ನ್ನು 3ರೊಂದಿಗೆ ಜೋಡಿಸಲಾಗುತ್ತದೆ. ಹೀಗೆ ಜೋಡಿಸಿದಾಗ ಜೋಡಿಯ ಎರಡು ಸಿಲಿಂಡರ್‌ಗಳ ಅನಿಲದ ಅಲೆಗಳ ನಡುವೆ ಎಂಜಿನ್‌ನ ಒಂದು ಪೂರ್ಣ ಸುತ್ತಿನ ಅಂತರ ಸಿಗುತ್ತದೆ.

2. ಶಕ್ತಿ ಬರುವುದು ಎಲ್ಲಿಂದ?

ನಿಮಿಷಕ್ಕೆ 6,000 ಸುತ್ತು ತಿರುಗುವ ನಾಲ್ಕು ಸಿಲಿಂಡರ್‌ಗಳ ಎಂಜಿನ್‌ನಿಂದ ಸೆಕೆಂಡಿಗೆ 200 ಬಾರಿ ಅನಿಲದ ಅಲೆಗಳು ಹೊರಡುತ್ತವೆ. ಒಂದು ಅಲೆ ಕಲೆಕ್ಟರ್ ತಲುಪಿ ಹಿಗ್ಗಿದಾಗ ಅದರ ಹಿಂದೆ ಅಲ್ಪಕಾಲದ ಕಡಿಮೆ ಒತ್ತಡ ಉಂಟಾಗುತ್ತದೆ. ಈ ಕಡಿಮೆ ಒತ್ತಡವು ವಾಲ್ವ್ ಮುಚ್ಚುವ ಮೊದಲೇ ಸಿಲಿಂಡರ್‌ಗೆ ಹಿಂದಿರುಗಿದರೆ, ಒಳಗುಳಿದ ಸುಟ್ಟ ಅನಿಲವನ್ನು ಸೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಹೆಡರ್‌ನಿಂದ ದೊರೆಯುವ ಶಕ್ತಿಯ ಮೂಲ ಇದೇ. ಆದುದರಿಂದ ನಳಿಗೆಯ ಉದ್ದ ಮತ್ತು ವ್ಯಾಸಗಳನ್ನು ಆಯಾ ಎಂಜಿನ್‌ಗೆ ತಕ್ಕಂತೆ ಲೆಕ್ಕ ಹಾಕಬೇಕು. "ಪೈಪು ದಪ್ಪವಾದಷ್ಟೂ ಒಳ್ಳೆಯದು" ಎಂಬ ನಂಬಿಕೆ ಸರಿಯಲ್ಲ. ಅಗತ್ಯಕ್ಕಿಂತ ದಪ್ಪನೆಯ ಪೈಪಿನಲ್ಲಿ ಅನಿಲದ ವೇಗ ತಗ್ಗಿ, ಪೇಟೆಯ ರಸ್ತೆಯಲ್ಲಿ ಬೇಕಾಗುವ ಕಡಿಮೆ ವೇಗದ ಎಳೆತವೇ ಕುಗ್ಗುತ್ತದೆ.

ಲಾಭದ ಪ್ರಮಾಣವನ್ನೂ ವಾಸ್ತವವಾಗಿ ನೋಡಬೇಕು. ಟರ್ಬೊ ಇಲ್ಲದ ಎಂಜಿನ್‌ಗೆ ಹೆಡರ್ ಒಂದನ್ನೇ ಬದಲಿಸಿದಾಗ ಶಕ್ತಿಯಲ್ಲಾಗುವ ಹೆಚ್ಚಳವು ಸಾಮಾನ್ಯವಾಗಿ ಶೇಕಡಾ ಒಂದಂಕಿಯನ್ನು ಮೀರುವುದಿಲ್ಲ. ಡೈನಮೋಮೀಟರ್ ಮೇಲೆ ಮೊದಲೂ ನಂತರವೂ ಅಳೆದು ಪಡೆದ ವರದಿಯೇ ಇದಕ್ಕೆ ಪುರಾವೆಯಾಗಬೇಕು. ಕಿವಿಗೆ ಕೇಳುವ ಹೆಚ್ಚಿನ ಸದ್ದು ಪುರಾವೆಯಾಗಲಾರದು.

3. ಅಂದಿನ ಕಾಲ, ಇಂದಿನ ಕಾಲ

ಎಕ್ಸಾಸ್ಟ್‌ನ ಆಕಾರದಿಂದ ಎಂಜಿನ್‌ನ ಗುಣ ಬದಲಾಗುವುದೆಂಬ ತಿಳಿವು ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್‌ಗಳಿದ್ದ ಯೆಜ್ಡಿ ಮೋಟಾರ್ ಸೈಕಲ್ಲನ್ನು ಹಿರಿಯ ಓದುಗರು ಬಲ್ಲರು. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಎಂಬ ಫೈಬರ್ ಗ್ಲಾಸ್ ಮೈಯ ಪುಟ್ಟ ಕಾರು, ತನ್ನ ಹಗುರತನದಿಂದಾಗಿ ರ‍್ಯಾಲಿ ಸ್ಪರ್ಧಿಗಳ ಮೆಚ್ಚುಗೆ ಪಡೆದಿತ್ತು. ಆ ಕಾಲದ ಎಂಜಿನ್‌ಗಳಿಗೆ ಕಾರ್ಬ್ಯುರೇಟರ್ ಇತ್ತು. ಪೈಪು ಬದಲಿಸಿದ ಮೆಕ್ಯಾನಿಕ್ಕನು ಜೆಟ್ ಬದಲಿಸಿ, ಸ್ಕ್ರೂ ತಿರುಗಿಸಿ ಕೆಲಸ ಮುಗಿಸುತ್ತಿದ್ದನು.

ಇಂದು ಆ ಸರಳತೆ ಉಳಿದಿಲ್ಲ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಂದ ಆರಂಭವಾದ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವು ಕಾಲಕ್ರಮೇಣ ದೇಶವ್ಯಾಪಿಯಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಮಾನದಂಡ ಜಾರಿಗೆ ಬಂದಿತು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುವ ಈ ಕನ್ವರ್ಟರ್ ಚೆನ್ನಾಗಿ ಕಾದ ನಂತರವೇ ಕೆಲಸ ಮಾಡುತ್ತದೆ. ಬೇಗನೆ ಕಾಯಲೆಂದು ಈಗಿನ ಅನೇಕ ಕಾರುಗಳಲ್ಲಿ ಅದನ್ನು ಮ್ಯಾನಿಫೋಲ್ಡ್‌ಗೆ ಅಂಟಿಕೊಂಡಂತೆಯೇ ಕೂರಿಸಿರುತ್ತಾರೆ. ಅಂತಹ ಕಾರಿನ ಮ್ಯಾನಿಫೋಲ್ಡ್ ತೆಗೆದು ಹೆಡರ್ ಹಾಕಿದರೆ ಕನ್ವರ್ಟರ್ ಕೂಡ ಅದರೊಂದಿಗೆ ಹೊರಬೀಳುತ್ತದೆ. ಗಿರಾಕಿ ಕೇಳಿದ್ದು ಪೈಪು ಮಾತ್ರ; ಕೈಬಿಟ್ಟುಹೋದದ್ದು ಮಾಲಿನ್ಯ ನಿಯಂತ್ರಣದ ಮುಖ್ಯ ಸಾಧನ. ಇದರ ಹಿಂದೆ ಮುಂದೆ ಇರುವ ಆಮ್ಲಜನಕ ಸೆನ್ಸರ್‌ಗಳು ಎಂಜಿನ್‌ನ ಕಂಪ್ಯೂಟರ್‌ಗೆ ಈ ಬದಲಾವಣೆಯನ್ನು ವರದಿ ಮಾಡುತ್ತವೆ, ಡ್ಯಾಶ್‌ಬೋರ್ಡ್‌ನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

4. ಲೋಹದ ಆಯ್ಕೆ

ತಯಾರಕರು ಗಮನಿಸಬೇಕಾದ ಮೊದಲ ವಿಷಯ ಶಾಖ. ಪೆಟ್ರೋಲ್ ಎಂಜಿನ್ ಪೂರ್ಣ ಭಾರದಲ್ಲಿರುವಾಗ ಹೊರಬರುವ ಅನಿಲದ ಉಷ್ಣತೆ 700ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಸಾಧಾರಣ ಮೈಲ್ಡ್ ಸ್ಟೀಲ್ ಪೈಪು ಈ ಶಾಖದಲ್ಲಿ ಬೇಗ ತುಕ್ಕು ಹಿಡಿದು ಪದರು ಪದರಾಗಿ ಉದುರುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತುಕ್ಕನ್ನು ತಡೆಯುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ. 60 ಸೆಂಟಿಮೀಟರ್ ಉದ್ದದ 304 ದರ್ಜೆಯ ನಳಿಗೆ 600 ಡಿಗ್ರಿಯಷ್ಟು ಕಾದರೆ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಎರಕದ ಕಬ್ಬಿಣ ಹಿಗ್ಗುವುದು 4 ಮಿಲಿಮೀಟರ್‌ನಷ್ಟು. ಈ ವ್ಯತ್ಯಾಸಕ್ಕೆ ಎಡೆಮಾಡಿಕೊಡುವ ಸ್ಲಿಪ್ ಜಾಯಿಂಟ್ ಅಥವಾ ಫ್ಲೆಕ್ಸಿಬಲ್ ಬೆಲ್ಲೊ ಇಲ್ಲದಿದ್ದರೆ, ಕೆಲವೇ ತಿಂಗಳುಗಳಲ್ಲಿ ವೆಲ್ಡಿಂಗ್ ಬಿರುಕು ಬಿಡುತ್ತದೆ. ಕಂಪನಿಗಳು ಎಕ್ಸಾಸ್ಟ್‌ಗೆ ಹೆಚ್ಚಾಗಿ ಬಳಸುವ 409 ದರ್ಜೆಯ ಸ್ಟೀಲ್ 304ಕ್ಕಿಂತ ಕಡಿಮೆ ಹಿಗ್ಗುತ್ತದೆಂಬುದನ್ನೂ ತಿಳಿದಿರಬೇಕು.

5. ಅಳವಡಿಕೆಯ ಕ್ರಮ

ಗ್ಯಾರೇಜಿನವರ ಕೆಲಸದ ಹಂತಗಳನ್ನು ಮಾಲೀಕರೂ ತಿಳಿದಿದ್ದರೆ ಬಿಲ್ಲನ್ನು ಪರಿಶೀಲಿಸುವುದು ಸುಲಭವಾಗುತ್ತದೆ.

ಅ) ಎಂಜಿನ್ ಪೂರ್ಣವಾಗಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಬೇಕು. ಹಳೆಯ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಯಬೇಕು. ಅವಸರದಲ್ಲಿ ತಿರುಗಿಸಿದರೆ ಸ್ಟಡ್ ತುಂಡಾಗಿ ಸಿಲಿಂಡರ್ ಹೆಡ್ಡಿನಲ್ಲೇ ಉಳಿಯುತ್ತದೆ. ಅದನ್ನು ತೆಗೆಸುವ ಖರ್ಚು ಇಡೀ ಅಳವಡಿಕೆಯ ಕೂಲಿಯನ್ನೂ ಮೀರಬಹುದು.

ಆ) ಶಾಖ ತಡೆಯುವ ತಗಡು, ಸೆನ್ಸರ್, ಕೆಳಗಿನ ಪೈಪಿನ ಬೋಲ್ಟು, ಕೊನೆಗೆ ಮ್ಯಾನಿಫೋಲ್ಡ್ ನಟ್ಟುಗಳು – ಹೀಗೆ ಕ್ರಮವಾಗಿ ಬಿಚ್ಚಬೇಕು.

ಇ) ಸಿಲಿಂಡರ್ ಹೆಡ್ಡಿನ ಮುಖವನ್ನು ಶುಚಿಗೊಳಿಸಿ, ಹೊಸ ಗ್ಯಾಸ್ಕೆಟ್ ಇಡಬೇಕು. ಹೆಡರ್ ಫ್ಲ್ಯಾಂಜ್ ಸೊಟ್ಟಗಾಗಿಲ್ಲವೆಂದು ನೇರಪಟ್ಟಿಯಿಂದ ಪರೀಕ್ಷಿಸಬೇಕು. ವೆಲ್ಡಿಂಗ್ ಶಾಖದಿಂದ ಫ್ಲ್ಯಾಂಜ್ ಬಾಗುವುದು ಸ್ಥಳೀಯ ತಯಾರಿಕೆಯ ಸಾಮಾನ್ಯ ದೋಷ.

ಈ) ಎಲ್ಲ ನಟ್ಟುಗಳನ್ನು ಮೊದಲು ಕೈಯಿಂದ ಕೂರಿಸಿ, ನಂತರ ಮಧ್ಯದಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತುಗಳಲ್ಲಿ, ಕಾರು ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಉ) ಹೆಡರ್‌ನ ಸಮೀಪ ವೈರು, ಬ್ರೇಕ್ ಹೋಸ್, ರಬ್ಬರ್ ಬುಷ್ ಇರಬಾರದು. ಪೆಟ್ರೋಲ್ ಪೈಪಿನಿಂದ ಎಕ್ಸಾಸ್ಟ್ ಪೈಪು ಕನಿಷ್ಠ 35 ಮಿಲಿಮೀಟರ್ ದೂರದಲ್ಲಿರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 113ನೇ ನಿಯಮ.

ಊ) ಚಾಲನೆ ಮಾಡಿ ಸೋರಿಕೆ ಪರೀಕ್ಷಿಸಬೇಕು. ಸೆನ್ಸರ್‌ಗಿಂತ ಮೊದಲಿನ ಜಾಗದಲ್ಲಿ ಸೋರಿಕೆಯಿದ್ದರೆ ಹೊರಗಿನ ಗಾಳಿ ಒಳಸೇರಿ, ಇಂಧನ ಸಾಲದೆಂದು ಕಂಪ್ಯೂಟರ್ ತಪ್ಪಾಗಿ ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಒಮ್ಮೆ ಕಾದು ತಣ್ಣಗಾದ ನಂತರ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕು.

ಸೋರಿಕೆಯ ವಿಷಯದಲ್ಲಿ ಉದಾಸೀನ ಸಲ್ಲದು. ಎಕ್ಸಾಸ್ಟ್ ಅನಿಲದಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎ.ಸಿ. ಹಾಕಿ ಗಾಜು ಮುಚ್ಚಿದ ಕಾರಿನೊಳಗೆ ಅದು ಸೇರಿದರೆ ಪ್ರಾಣಕ್ಕೇ ಸಂಚಕಾರ. ಒಂದು ಗ್ಯಾಸ್ಕೆಟ್ ಉಳಿಸುವ ಆಸೆಗೆ ಇಷ್ಟು ದೊಡ್ಡ ಅಪಾಯವನ್ನು ತಂದುಕೊಳ್ಳುವುದು ಯಾವ ಲೆಕ್ಕದಲ್ಲಿಯೂ ಸರಿಹೋಗದು.

6. ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಕಲಮನ್ನು ಎತ್ತಿಹಿಡಿದು, ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ತೀರ್ಪಿತ್ತಿದೆ.

"ನೋಂದಣಿ ಪತ್ರದಲ್ಲಿ ಎಕ್ಸಾಸ್ಟ್ ಎಂಬ ಕಾಲಮ್ಮೇ ಇಲ್ಲವಲ್ಲ" ಎಂದು ಕೆಲವರು ವಾದಿಸುವುದುಂಟು. ಈ ವಾದದಿಂದ ಹೆಚ್ಚು ಪ್ರಯೋಜನವಿಲ್ಲ. ಈಗಿನ ನೋಂದಣಿ ಪತ್ರದಲ್ಲಿ ವಾಹನವು ಯಾವ ಮಾಲಿನ್ಯ ಮಾನದಂಡಕ್ಕೆ ಸೇರಿದೆ ಎಂಬ ನಮೂದು ಇರುತ್ತದೆ. ಕನ್ವರ್ಟರ್ ತೆಗೆದ ಕಾರು ಆ ನಮೂದಿಗೆ ಹೊಂದುವುದಿಲ್ಲ. ಅದಲ್ಲದೆ ಬೇರೆ ನಿಯಮಗಳು ಸ್ವತಂತ್ರವಾಗಿಯೇ ಅನ್ವಯಿಸುತ್ತವೆ. 115ನೇ ನಿಯಮದಂತೆ ಬಿ.ಎಸ್. 4 ಮತ್ತು ಬಿ.ಎಸ್. 6 ಪೆಟ್ರೋಲ್ ಕಾರುಗಳು ನಿಂತಲ್ಲೇ ಚಾಲನೆಯಲ್ಲಿರುವಾಗ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.3ನ್ನು ಮೀರುವಂತಿಲ್ಲ. 120ನೇ ನಿಯಮವು ಸದ್ದು ತಗ್ಗಿಸುವ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. ಪರಿಸರ ಸಂರಕ್ಷಣಾ ನಿಯಮಗಳಡಿ ಚಾಲಕನೂ ಸೇರಿ ಒಂಬತ್ತು ಆಸನಗಳವರೆಗಿನ ಪ್ರಯಾಣಿಕ ಕಾರುಗಳಿಗೆ ತಯಾರಿಕೆಯ ಹಂತದಲ್ಲಿ 74 ಡೆಸಿಬೆಲ್ ಶಬ್ದಮಿತಿಯಿದೆ.

ದಂಡನೆಯ ವಿವರ ಹೀಗಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಂನ 4ನೇ ಉಪಕಲಂ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದು. 190ನೇ ಕಲಂನ 2ನೇ ಉಪಕಲಂ ಪ್ರಕಾರ, ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದರೆ ಮೊದಲ ಬಾರಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ರೂ. 10,000ದವರೆಗಿನ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಓಡಿಸಿದವನಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವನಿಗೂ ಇದು ಅನ್ವಯಿಸುತ್ತದೆ. ಮಗನು ಓಡಿಸುವ ಕಾರು ತಂದೆಯ ಅಥವಾ ಸಂಸ್ಥೆಯ ಹೆಸರಿನಲ್ಲಿರುವುದು ವರ್ತಕರ ಮನೆಗಳಲ್ಲಿ ಸಾಮಾನ್ಯವಾದ್ದರಿಂದ ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

52ನೇ ಕಲಂಗೆ 2019ರಲ್ಲಿ ಸೇರಿದ ಪರಂತುಕವೊಂದರಂತೆ, ಮಾರ್ಪಾಡು ಮತ್ತು ಮರುಜೋಡಣೆಗೆ ಬೇಕಾದ ಮಾನದಂಡ, ಷರತ್ತುಗಳನ್ನು ಕೇಂದ್ರ ಸರ್ಕಾರವು ಗೊತ್ತುಪಡಿಸಬಹುದು. ಆ ರೀತಿ ಅನುಮತಿ ಪಡೆದ ಮಾರ್ಪಾಡಿನಿಂದ ತಯಾರಕರ ವಾರಂಟಿ ಅನೂರ್ಜಿತವಾಗುವುದಿಲ್ಲ. ಅಂದರೆ ಕಾನೂನು ಮಾರ್ಪಾಡಿನ ಬಾಗಿಲನ್ನು ಸಂಪೂರ್ಣ ಮುಚ್ಚಿಲ್ಲ. ಪರೀಕ್ಷೆ ಮತ್ತು ಅನುಮೋದನೆಯ ಮೂಲಕ ಬರಬೇಕೆಂದು ಹೇಳುತ್ತದೆ.

7. ತಯಾರಕ ಮತ್ತು ಮಾರಾಟಗಾರನ ಹೊಣೆ

"ದಂಡ ಬೀಳುವುದು ಕಾರಿನ ಮಾಲೀಕನಿಗೆ, ನಮಗೇನು?" ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ.

84ನೇ ಕಲಂ ಪ್ರಕಾರ ತಯಾರಿಕೆಯ ದೋಷ, ವಿನ್ಯಾಸದ ದೋಷ, ಬಳಕೆಯ ಬಗ್ಗೆ ಸಾಕಷ್ಟು ಸೂಚನೆ ಅಥವಾ ಎಚ್ಚರಿಕೆ ನೀಡದಿರುವುದು – ಇವುಗಳಿಂದಾದ ಹಾನಿಗೆ ತಯಾರಕನು ಹೊಣೆ. ಇನ್ನೂ ಮುಖ್ಯವಾದದ್ದು, ಸ್ಪಷ್ಟ ಭರವಸೆ ನೀಡಿದ್ದಲ್ಲಿ ತನ್ನಲ್ಲಿ ಅಲಕ್ಷ್ಯವಾಗಲಿ ಮೋಸವಾಗಲಿ ಇರಲಿಲ್ಲವೆಂದು ಸಾಬೀತುಪಡಿಸಿದರೂ ತಯಾರಕನು ಬಿಡುಗಡೆ ಹೊಂದುವುದಿಲ್ಲ. ಬಿಲ್ಲಿನ ಮೇಲೆ "10 ಅಶ್ವಶಕ್ತಿ ಹೆಚ್ಚಳ ಖಾತ್ರಿ" ಎಂದು ಬರೆಯುವ ಮುನ್ನ ಇದನ್ನು ನೆನೆಯುವುದು ಒಳಿತು.

86ನೇ ಕಲಂ ಮಾರಾಟಗಾರನಿಗೆ ಸಂಬಂಧಿಸಿದ್ದು. ತಯಾರಕರು ಯಾರೆಂದು ತಿಳಿಯದಿದ್ದರೆ, ಅಥವಾ ಅವರು ಭಾರತದ ಕಾನೂನಿಗೆ ಒಳಪಡದಿದ್ದರೆ, ತಯಾರಕರ ಹೊಣೆ ಮಾರಾಟಗಾರನ ಮೇಲೆಯೇ ಬೀಳುತ್ತದೆ. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಹೊರದೇಶದಿಂದ ಬಂದ ಹೆಡರನ್ನು ತರಿಸಿ ಮಾರುವ ಅಂಗಡಿಯವರು, ಕಾನೂನಿನ ದೃಷ್ಟಿಯಲ್ಲಿ ಅದನ್ನು ತಾವೇ ತಯಾರಿಸಿದವರ ಸ್ಥಾನದಲ್ಲಿ ನಿಲ್ಲಬೇಕಾದೀತು.

"ರೇಸ್ ಟ್ರ್ಯಾಕ್ ಬಳಕೆಗೆ ಮಾತ್ರ" ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ರಕ್ಷಣೆ ದೊರೆಯುವುದೆಂದು ನಂಬಬಾರದು. ನೋಂದಣಿ ಫಲಕವಿರುವ, ರಸ್ತೆಯಲ್ಲೇ ಓಡಿಸಿಕೊಂಡು ಬಂದ ಕಾರಿಗೆ ತಾವೇ ಕೈಯಾರೆ ಹೆಡರ್ ಜೋಡಿಸಿ, ರಸ್ತೆಗೇ ಕಳುಹಿಸಿದ ಮೇಲೆ ಆ ಚೀಟಿಗೆ ಬೆಲೆ ಉಳಿಯುವುದು ಕಷ್ಟ.

8. ವಿಮೆ

ವಿಮೆಯು ಪರಸ್ಪರ ಪೂರ್ಣ ವಿಶ್ವಾಸದ ಒಪ್ಪಂದ. ಅಪಾಯವನ್ನು ಹೆಚ್ಚಿಸಬಲ್ಲ ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ವಿಮೆದಾರನ ಕರ್ತವ್ಯ. ತಿಳಿಸದೆ ಹೆಡರ್ ಅಳವಡಿಸಿದ ಕಾರಿನಲ್ಲಿ ಎಂಜಿನ್ ಕೋಣೆಯಿಂದ ಬೆಂಕಿ ಹೊತ್ತಿಕೊಂಡಿತೆಂದರೆ, ಸರ್ವೇಯರ್ ಮೊದಲು ನೋಡುವುದೇ ಕಂಪನಿಯದಲ್ಲದ ಭಾಗಗಳನ್ನು. ಕಾರಿನ ಸ್ವಂತ ಹಾನಿಯ ಕ್ಲೇಮು ಕಡಿತವಾಗುವ ಅಥವಾ ತಿರಸ್ಕೃತವಾಗುವ ಸಂಭವವಿದೆ.

9. ತೆರಿಗೆಯ ಅಂಶಗಳು

ಜಿ.ಎಸ್.ಟಿ. ವರ್ಗೀಕರಣದಲ್ಲಿ ಸೈಲೆನ್ಸರ್ ಮತ್ತು ಎಕ್ಸಾಸ್ಟ್ ಪೈಪು 8708 ಶೀರ್ಷಿಕೆಯಡಿ ಬರುತ್ತವೆ. ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಜಿನ್‌ನ ಭಾಗವಾದ್ದರಿಂದ 8409 ಶೀರ್ಷಿಕೆಗೆ ಸೇರುತ್ತದೆ. ಹೆಡರ್ ಮಾಡುವುದು ಮ್ಯಾನಿಫೋಲ್ಡ್‌ನ ಕೆಲಸವನ್ನೇ ಆದ್ದರಿಂದ, ಬಿಲ್ಲಿನಲ್ಲಿ ಕೋಡ್ ನಮೂದಿಸುವಾಗ ಈ ಭೇದವನ್ನು ಗಮನಿಸತಕ್ಕದ್ದು. ಮೊದಲು ಬಿಡಿಭಾಗಕ್ಕೆ ಶೇಕಡಾ 28, ಅಳವಡಿಕೆಯ ಕೂಲಿಗೆ ಶೇಕಡಾ 18 ಇದ್ದುದರಿಂದ, ಬಿಲ್ಲನ್ನು ಒಂದಾಗಿ ಮಾಡಬೇಕೇ ಬೇರೆಬೇರೆಯಾಗಿ ಮಾಡಬೇಕೇ ಎಂಬ ಗೊಂದಲವಿತ್ತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ದರವೂ ಶೇಕಡಾ 18ಕ್ಕೆ ಇಳಿದದ್ದರಿಂದ ಆ ಗೊಂದಲ ನಿವಾರಣೆಯಾಗಿದೆ. ಆದಾಗ್ಯೂ ಭಾಗದ ಬೆಲೆ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ತೋರಿಸುವುದೇ ಲೇಸು. ಮುಂದೆ ವಿವಾದವಾದರೆ ದೋಷ ವಸ್ತುವಿನದೋ ಕೆಲಸದ್ದೋ ಎಂದು ನಿರ್ಣಯಿಸಲು ಅದು ನೆರವಾಗುತ್ತದೆ.

ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಇಂತಹ ಖರ್ಚು ಮಾಡಿ ಲೆಕ್ಕಕ್ಕೆ ಸೇರಿಸುವವರು ಎರಡು ಮಾತು ತಿಳಿಯಬೇಕು. ಹದಿಮೂರು ಆಸನಗಳವರೆಗಿನ ಕಾರುಗಳಿಗೂ ಅವುಗಳ ದುರಸ್ತಿ, ನಿರ್ವಹಣೆಗೂ ಕೆಲವು ನಿರ್ದಿಷ್ಟ ವ್ಯವಹಾರಗಳನ್ನು ಬಿಟ್ಟು ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಎರಡನೆಯದಾಗಿ, ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ವೆಚ್ಚವನ್ನು ವ್ಯವಹಾರದ ವೆಚ್ಚವೆಂದು ಕಳೆಯಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. 1961ರ ಕಾಯ್ದೆಯ 37ನೇ ಕಲಂನಲ್ಲಿದ್ದ ಈ ತತ್ವವನ್ನು 2025ರ ಹೊಸ ಕಾಯ್ದೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ.

10. ಎರಡು ಲೆಕ್ಕಗಳು

ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಓದುಗರು ತಮ್ಮ ಅಂಕಿಗಳನ್ನು ಹಾಕಿ ನೋಡತಕ್ಕದ್ದು.

ಖರೀದಿದಾರನ ಲೆಕ್ಕ: ಹೆಡರ್ ರೂ. 40,000, ಕೂಲಿ ರೂ. 8,000, ಗ್ಯಾಸ್ಕೆಟ್, ಸ್ಟಡ್ ಇತ್ಯಾದಿ ರೂ. 2,000, ಎಂಜಿನ್ ಕಂಪ್ಯೂಟರ್‌ನ ಮರುಹೊಂದಿಕೆ ರೂ. 30,000. ಒಟ್ಟು ರೂ. 80,000. ಶೇಕಡಾ 18 ಜಿ.ಎಸ್.ಟಿ. ರೂ. 14,400 ಸೇರಿ ರೂ. 94,400. 120 ಅಶ್ವಶಕ್ತಿಯ ಕಾರಿಗೆ ಶೇಕಡಾ 5 ಹೆಚ್ಚಳ ದೊರೆತರೆ 6 ಅಶ್ವಶಕ್ತಿ. ಅಂದರೆ ಒಂದೊಂದು ಅಶ್ವಶಕ್ತಿಗೆ ತಗಲಿದ್ದು ಸುಮಾರು ರೂ. 15,733. ದಂಡ, ವಿಮೆಯ ನಷ್ಟ, ಮಾರುವಾಗ ಮತ್ತೆ ಹಳೆಯ ಮ್ಯಾನಿಫೋಲ್ಡ್ ಕೂರಿಸುವ ಕೂಲಿ ಇದರಲ್ಲಿ ಸೇರಿಲ್ಲ.

ತಯಾರಕನ ಲೆಕ್ಕ: ಒಂದು ಸೆಟ್ಟಿನ ಪೈಪು, ಬೆಂಡಿಂಗ್, ವೆಲ್ಡಿಂಗ್ ಸೇರಿ ನೇರ ವೆಚ್ಚ ರೂ. 14,000, ಮಾರಾಟ ಬೆಲೆ ರೂ. 22,000, ಪ್ರತಿ ಸೆಟ್ಟಿನಿಂದ ಉಳಿಯುವುದು ರೂ. 8,000. ಜಿಗ್, ಪ್ರಾಯೋಗಿಕ ತಯಾರಿಕೆ, ಡೈನಮೋಮೀಟರ್ ಪರೀಕ್ಷೆಗೆ ಒಮ್ಮೆ ತಗಲುವ ವೆಚ್ಚ ರೂ. 1,20,000 ಆದರೆ, 15 ಸೆಟ್ಟು ಮಾರಿದ ಮೇಲಷ್ಟೇ ಅಸಲು ಕೈಸೇರುತ್ತದೆ. ಒಂದು ಸೆಟ್ಟು ಬಿರುಕು ಬಿಟ್ಟು ಹಿಂದಿರುಗಿ, ಹಣ ಮರಳಿಸಿ, ಬಿಚ್ಚಿ ಜೋಡಿಸುವ ಕೂಲಿ ರೂ. 8,000ವನ್ನೂ ಕೊಡಬೇಕಾದರೆ ರೂ. 30,000 ಹೋಗುತ್ತದೆ. ಅದು ಸುಮಾರು 4 ಸೆಟ್ಟುಗಳ ಉಳಿಕೆಗೆ ಸಮ. ಪ್ರತಿಯೊಂದು ಕಾರಿನ ಮಾದರಿಗೂ ಜಿಗ್ ಬೇರೆಯಾದ್ದರಿಂದ, ಒಬ್ಬ ಗಿರಾಕಿಗಾಗಿ ಒಂದೇ ಸೆಟ್ಟು ಮಾಡುವ ಕೆಲಸದಲ್ಲಿ ಈ ವೆಚ್ಚವನ್ನೆಲ್ಲ ಆ ಒಂದರ ಮೇಲೆಯೇ ಹೊರಿಸಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

11. ಇಟ್ಟುಕೊಳ್ಳಬೇಕಾದ ದಾಖಲೆಗಳು

ಸ್ಪರ್ಧಾ ವಾಹನಗಳಿಗಾಗಿ ನ್ಯಾಯಬದ್ಧವಾಗಿ ಈ ಕೆಲಸ ವಹಿಸಿಕೊಳ್ಳುವವರು ಕನಿಷ್ಠ ಐದು ಕಾಗದಗಳನ್ನು ಕಡತದಲ್ಲಿಡಬೇಕು.

1) ವಾಹನವು ಎಲ್ಲಿ ಬಳಕೆಯಾಗುವುದೆಂದು ಗಿರಾಕಿಯು ಸಹಿ ಮಾಡಿದ ಘೋಷಣೆ, ಜೊತೆಗೆ ಸ್ಪರ್ಧೆಯ ಪರವಾನಗಿ ಅಥವಾ ತಂಡದ ಪತ್ರ. ಸ್ಪರ್ಧಾ ವಾಹನವನ್ನು ಟ್ರೇಲರ್ ಮೇಲೆ ತಂದು ಟ್ರೇಲರ್ ಮೇಲೆಯೇ ಒಯ್ದರೆ ಘೋಷಣೆಗೆ ಬಲ ಬರುತ್ತದೆ.
2) ಬಳಸಿದ ಲೋಹದ ದರ್ಜೆ ತೋರಿಸುವ ಪೈಪಿನ ಖರೀದಿ ಬಿಲ್ಲು.
3) ಅಳವಡಿಕೆಗೆ ಮುನ್ನ ಹಾಗೂ ನಂತರದ ಪರೀಕ್ಷಾ ವರದಿ.
4) ಸೋರಿಕೆ, ಶಾಖ, ಮರುಬಿಗಿತಗಳ ಬಗ್ಗೆ ಕನ್ನಡದಲ್ಲಿ ಮುದ್ರಿಸಿದ ಎಚ್ಚರಿಕೆ ಪತ್ರ, ಮತ್ತು ಅದನ್ನು ಪಡೆದ ಸಹಿ.
5) ಬಿಚ್ಚಿದ ಮೂಲ ಮ್ಯಾನಿಫೋಲ್ಡ್ ಹಾಗೂ ಕನ್ವರ್ಟರನ್ನು ಗಿರಾಕಿಗೆ ಹಿಂದಿರುಗಿಸಿದ ರಸೀದಿ. ಬೆಲೆಬಾಳುವ ಲೋಹವಿರುವ ಈ ಭಾಗ ಗುಜರಿಗೆ ಸೇರಿತೆಂಬ ಆರೋಪ ಬರದಂತೆ ಇದು ಕಾಯುತ್ತದೆ.

ಉಪಸಂಹಾರ

ಈ ಲೇಖನದ ಉದ್ದೇಶ ಹೊಸ ಉದ್ಯಮಕ್ಕೆ ಕೈಹಾಕುವವರನ್ನು ಹಿಂಜರಿಸುವುದಲ್ಲ. ಪೈಪು ಬಗ್ಗಿಸಿ, ಸೊಗಸಾಗಿ ಬೆಸೆಯಬಲ್ಲ ಕೈಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅದೇ ಕೌಶಲಕ್ಕೆ ಟ್ರ್ಯಾಕ್ಟರ್, ಭತ್ತ ಕೊಯ್ಯುವ ಯಂತ್ರ, ಜನರೇಟರ್‌ಗಳ ಸೈಲೆನ್ಸರ್‌ಗಳನ್ನು ಮೂಲ ಅಳತೆಗೆ ತಕ್ಕಂತೆ ತಯಾರಿಸುವುದರಲ್ಲಿ ವರ್ಷವಿಡೀ ಬೇಡಿಕೆ ದೊರೆಯಬಲ್ಲದು. ಸ್ಪರ್ಧಾ ತಂಡಗಳಿಗೆ ಜಾಬ್ ವರ್ಕ್ ಮಾಡಿಕೊಡುವ ದಾರಿಯೂ ಇದೆ. ಮುಂದೆ ಮರುಜೋಡಣೆಯ ಮಾನದಂಡಕ್ಕೆ ತಕ್ಕಂತೆ ಪುಣೆಯ ಎ.ಆರ್.ಎ.ಐ.ನಂತಹ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆಯುವ ಗುರಿಯನ್ನೂ ಇಟ್ಟುಕೊಳ್ಳಬಹುದು. ರಸ್ತೆಯ ಮೇಲೆ ಓಡುವ ಕಾರಿನಿಂದ ಕನ್ವರ್ಟರ್ ಕಳಚಿ ಹೆಡರ್ ಕೂರಿಸುವ ಕೆಲಸ ಮಾತ್ರ, ಎಂಟು ಸಾವಿರ ರೂಪಾಯಿ ಉಳಿಕೆಗಾಗಿ ಎಣಿಸಲಾಗದ ಹೊಣೆಯನ್ನು ಹೊರುವ ವ್ಯವಹಾರ. ಆದುದರಿಂದ ಆರ್ಡರ್ ಪುಸ್ತಕ ತೆರೆಯುವ ಮುನ್ನ, "ಈ ವಾಹನ ಓಡುವುದು ಎಲ್ಲಿ?" ಎಂದು ಗಿರಾಕಿಯನ್ನು ಕೇಳಿ, ಅವನ ಉತ್ತರವನ್ನು ಲಿಖಿತವಾಗಿ ಪಡೆಯುವುದನ್ನು ನಮ್ಮ ಸದಸ್ಯರೆಲ್ಲರೂ ರೂಢಿ ಮಾಡಿಕೊಳ್ಳುವುದು ಅಗತ್ಯ.